ನವರಾತ್ರಿಯನ್ನು ನಿಲ್ಲಗೊಡದ ಅರಸರು: ಮೈಸೂರಿನ ರಾಜ ಒಡೆಯರು

ಮೈಸೂರು ದಸರೆಯ ಹೆಸರನ್ನು ಕೇಳದ ಕನ್ನಡಿಗನಿರಲಾರನು. ಅಂಬಾರಿ, ಪಟ್ಟದ ಆನೆ, ಬನ್ನಿಮಂಟಪ, ದೀಪಗಳಿಂದ ಬೆಳಗುವ ಅರಮನೆ ಇವೆಲ್ಲವೂ ಊರು ಬಿಟ್ಟು ಬಹುಕಾಲವಾದವರ ಕಣ್ಣಿನ ಮುಂದೆಯೂ ಹಾದುಹೋಗುವುವು. ಆದರೆ ಈ ಉತ್ಸವಕ್ಕಾಗಿ ಮೊದಲು ಕಂಕಣ ಕಟ್ಟಿಕೊಂಡ ಅರಸರು ಯಾರು, ಯಾವ ಸಂಕಟದ ನಡುವೆ ಅವರು ಅದನ್ನು ನಡೆಸಿದರು ಎಂಬುದನ್ನು ಬಲ್ಲವರು ವಿರಳ. ಆ ಅರಸರೇ ರಾಜ ಒಡೆಯರು. ಅವರ ಬಾಳಿನ ಕಥೆಯನ್ನು ತಿಳಿದ ಬಳಿಕ ನವರಾತ್ರಿಯ ಅರ್ಥವೇ ಮತ್ತೊಂದು ಬಗೆಯಾಗಿ ತೋರುವುದು.

ರಾಜ ಒಡೆಯರು 1552ರಲ್ಲಿ ಜನಿಸಿದರು. ಬೋಳ ಚಾಮರಾಜ ಒಡೆಯರು ಅವರ ತಂದೆ. ಆಗ ಮೈಸೂರೆಂಬುದು ರಾಜ್ಯವಾಗಿರಲಿಲ್ಲ. ಕೆಲವೇ ಹಳ್ಳಿಗಳಿಂದ ಕೂಡಿದ ಒಂದು ಸಣ್ಣ ಪಾಳೆಯಪಟ್ಟಾಗಿತ್ತು. ಒಡೆಯರು ವಿಜಯನಗರದ ಸಾಮ್ರಾಟರಿಗೆ ಅಧೀನರು. ಶ್ರೀರಂಗಪಟ್ಟಣದಲ್ಲಿ ಸಾಮ್ರಾಟರ ಪ್ರತಿನಿಧಿಯಿದ್ದು, ಸುತ್ತಲಿನ ಪಾಳೆಯಗಾರರೆಲ್ಲರೂ ಅವನಿಗೆ ಕಪ್ಪವನ್ನು ಒಪ್ಪಿಸಬೇಕಾಗಿತ್ತು. ರಾಜ ಒಡೆಯರು ಹದಿಮೂರು ವರ್ಷದ ಬಾಲಕರಾಗಿದ್ದಾಗ, 1565ರಲ್ಲಿ, ರಕ್ಕಸತಂಗಡಿಯ ಯುದ್ಧವು ನಡೆಯಿತು. ಹಂಪೆಯು ಹಾಳಾಯಿತು. ಸಾಮ್ರಾಟರು ಪೆನುಗೊಂಡೆಗೆ ತೆರಳಿದರು. ಎರಡು ಶತಮಾನಗಳಿಗೂ ಮಿಕ್ಕು ಕನ್ನಡ ನಾಡನ್ನು ಕಾಪಾಡಿದ ಮಹಾವೃಕ್ಷದ ಬೇರು ಅಂದೇ ಸಡಿಲಿತು.

ಹಂಪೆಯೊಡನೆ ಹಾಳಾದುದು ಕೇವಲ ಕೋಟೆ ಕೊತ್ತಲಗಳಲ್ಲ. ಅಲ್ಲಿ ಪ್ರತಿವರ್ಷವೂ ಜರುಗುತ್ತಿದ್ದ ಮಹಾನವಮಿಯ ಉತ್ಸವವೂ ಅಳಿಯಿತು. 1443ರಲ್ಲಿ ಪಾರಸಿಕ ದೇಶದಿಂದ ಬಂದ ಅಬ್ದುರ್ ರಜಾಕನೂ, 1520ರ ಸುಮಾರಿಗೆ ಬಂದ ಪೋರ್ಚುಗೀಸರ ಡೊಮಿಂಗೊ ಪಾಯೆಸನೂ ಆ ವೈಭವವನ್ನು ಕಂಡು ಬೆರಗಾಗಿ ಬರೆದಿಟ್ಟಿರುವರು. ಇಂದಿಗೂ ಹಂಪೆಯಲ್ಲಿ ಕಾಣುವ ಮಹಾನವಮಿ ದಿಬ್ಬವು ಅದಕ್ಕೆ ಸಾಕ್ಷಿ. ಆ ಉತ್ಸವವು ಬರಿಯ ಸಡಗರವಾಗಿರಲಿಲ್ಲ. ನಾಡಿನ ನಾಯಕರೆಲ್ಲರೂ ಒಂದೆಡೆ ನೆರೆದು ದೇವಿಯ ಮುಂದೆ, ಅರಸರ ಮುಂದೆ ತಲೆಬಾಗುವ ಕಾಲವದು. ಮಳೆಗಾಲ ಕಳೆದು ದಂಡಯಾತ್ರೆಗೆ ದಾರಿ ತೆರೆಯುವ ಹೊತ್ತಿನಲ್ಲಿ ಆನೆ, ಕುದುರೆ, ಆಯುಧಗಳನ್ನು ಪೂಜಿಸಿ ಸೈನ್ಯವನ್ನು ಪರೀಕ್ಷಿಸುವ ಕಾಲವೂ ಅದೇ. ಮಹಾನವಮಿ ನಿಂತಿತೆಂದರೆ ನಾಡಿಗೆ ಒಡೆಯನಿಲ್ಲವೆಂದು ಸಾರಿದಂತೆಯೇ ಸರಿ.

1578ರಲ್ಲಿ ರಾಜ ಒಡೆಯರು ಮೈಸೂರಿನ ಪಟ್ಟವನ್ನೇರಿದರು. ಸಾಮ್ರಾಜ್ಯವು ದಿನದಿನಕ್ಕೆ ಕ್ಷೀಣಿಸುತ್ತಿರಲು ಅವರು ನೆರೆಯ ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಅಡಗಿಸಿ ತಮ್ಮ ಸೀಮೆಯನ್ನು ವಿಸ್ತರಿಸಿಕೊಂಡರು. ಪಾಳೆಯಗಾರರ ವಿಷಯದಲ್ಲಿ ಕಠಿಣರಾದ ಈ ಅರಸರು ಉಳುವ ರೈತರ ವಿಷಯದಲ್ಲಿ ಮೃದುವಾಗಿದ್ದರೆಂದು ಚರಿತ್ರಕಾರರು ತಿಳಿಸುತ್ತಾರೆ. ಶ್ರೀರಂಗಪಟ್ಟಣದಲ್ಲಿ ಪ್ರತಿನಿಧಿಯಾಗಿದ್ದ ತಿರುಮಲರಾಯನಿಗೂ ಇವರಿಗೂ ಹಲವು ವರ್ಷಗಳ ವೈಮನಸ್ಯವು ಬೆಳೆಯಿತು. ಕೊನೆಗೆ 1610ನೆಯ ಇಸವಿಯ ಆರಂಭದಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾಯಿತು. ಬೆನ್ನುಹುಣ್ಣಿನಿಂದ ಪೀಡಿತನಾದ ತಿರುಮಲರಾಯನು ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೊರಡುವಾಗ ಪಟ್ಟಣವನ್ನು ತಾನಾಗಿಯೇ ಒಪ್ಪಿಸಿದನೆಂದು ಕೆಲವರು ಹೇಳುವರು. ಒಡೆಯರು ಬಲದಿಂದಲೇ ಗೆದ್ದುಕೊಂಡರೆಂದು ಇನ್ನು ಕೆಲವರು ಹೇಳುವರು. ಹೇಗಾದರೂ ಆಗಲಿ, ಮೈಸೂರಿನ ಪಾಳೆಯಗಾರರು ಕಾವೇರಿಯ ನಡುಗಡ್ಡೆಯ ಆ ಕೋಟೆಯಲ್ಲಿ ಸಿಂಹಾಸನವನ್ನೇರಿ ಅರಸರೆನಿಸಿದರು. ಆ ಸಿಂಹಾಸನವು ಪಾಂಡವರ ಕಾಲದ್ದು, ಪೆನುಗೊಂಡೆಯಲ್ಲಿ ಹುದುಗಿದ್ದುದು ವಿಜಯನಗರದ ಅರಸರ ಕೈಸೇರಿ ಕ್ರಮೇಣ ಶ್ರೀರಂಗಪಟ್ಟಣಕ್ಕೆ ಬಂದಿತೆಂಬುದು ಐತಿಹ್ಯ.

ಸಿಂಹಾಸನವೇರಿದ ಮೊದಲನೆಯ ವರ್ಷ, ಸಾಧಾರಣ ಸಂವತ್ಸರದ ಆಶ್ವಯುಜವು ಬಂದಿತು. ಹಂಪೆಯಲ್ಲಿ ನಿಂತುಹೋದ ಮಹಾನವಮಿಯನ್ನು ಶ್ರೀರಂಗಪಟ್ಟಣದಲ್ಲಿ ನಡೆಸಬೇಕೆಂದು ರಾಜ ಒಡೆಯರು ಸಂಕಲ್ಪಿಸಿದರು. ಆಗ ಅವರಿಗೆ ಐವತ್ತೆಂಟು ವರ್ಷ. ಸಿದ್ಧತೆಗಳೆಲ್ಲವೂ ಪೂರ್ಣಗೊಂಡಿದ್ದುವು. ಪ್ರತಿಪದೆಯ ಹಿಂದಿನ ದಿನ, ಮಹಾಲಯ ಅಮಾವಾಸ್ಯೆಯಂದು, ಅರಸರ ಮಗನು ತೀರಿಕೊಂಡನು.

ಪುತ್ರಶೋಕಕ್ಕೆ ಸಮನಾದ ಶೋಕವಿಲ್ಲವೆಂದು ಹಿರಿಯರು ಹೇಳುವರು. ಅದರ ಮೇಲೆ ಸೂತಕವೊಂದು. ಸಾವಾದ ಮನೆಯಲ್ಲಿ ಹಬ್ಬವಿಲ್ಲ, ದೇವರ ಪೂಜೆಯಿಲ್ಲ, ಮಂಗಳವಾದ್ಯವಿಲ್ಲ. ಬಡವನ ಗುಡಿಸಲಿಗೂ ಅರಸನ ಅರಮನೆಗೂ ಈ ನಿಯಮವೊಂದೇ. ಅರಸರು ಅಂದು ಉತ್ಸವವನ್ನು ನಿಲ್ಲಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮುಂದಿನ ವರ್ಷ ನೋಡೋಣವೆಂದು ಎಲ್ಲರೂ ಸಮಾಧಾನ ತಂದುಕೊಳ್ಳುತ್ತಿದ್ದರು. ಆದರೆ ಮೊದಲ ವರ್ಷವೇ ನಿಂತ ಹಬ್ಬಕ್ಕೆ ಎರಡನೆಯ ವರ್ಷವುಂಟೆಂದು ಹೇಳುವವರಾರು? ಹೊಸದಾಗಿ ವಶವಾದ ಪಟ್ಟಣ, ಅಡಗಿದರೂ ಮನಸ್ಸು ಪಳಗದ ಪಾಳೆಯಗಾರರು, ಒಡೆಯನಿಲ್ಲದೆ ನಲವತ್ತೈದು ವರ್ಷ ತೊಳಲಿದ ಜನ ಇವೆಲ್ಲವೂ ಅರಸರ ಮುಂದಿದ್ದುವು.

ರಾಜ ಒಡೆಯರು ಧರ್ಮಶಾಸ್ತ್ರವನ್ನು ಬಲ್ಲವರೊಡನೆ ಆಲೋಚಿಸಿದರು. ಮಗನ ಸಾವು ತಮ್ಮ ಮನೆಗೆ ಸೇರಿದ್ದು, ನವರಾತ್ರಿಯು ನಾಡಿಗೆ ಸೇರಿದ್ದು ಎಂಬ ತೀರ್ಮಾನಕ್ಕೆ ಬಂದರು. ಮಾರನೆಯ ದಿನ ಉತ್ಸವವು ಆರಂಭವಾಯಿತು. ರಾಜವಂಶದಲ್ಲಿ ಯಾರೇ ತೀರಿಕೊಂಡರೂ ನವರಾತ್ರಿಯ ವಿಧಿಗಳು ನಿಲ್ಲಕೂಡದೆಂಬ ಕಟ್ಟಳೆಯು ಅಂದಿನಿಂದ ನಡೆದು ಬಂದಿತೆಂದು ಅರಮನೆಯ ಸಂಪ್ರದಾಯವು ಹೇಳುತ್ತದೆ.

ಆ ಒಂಬತ್ತು ದಿನಗಳ ವಿಧಿಗಳ ಕ್ರಮವು ಇಂದಿಗೂ ಹೆಚ್ಚು ಕಡಿಮೆ ಹಾಗೆಯೇ ಉಳಿದಿದೆ. ಪ್ರತಿಪದೆಯಂದು ಕಂಕಣಧಾರಣೆಯಾಗಿ ಅರಸರು ಸಿಂಹಾಸನವೇರುವರು, ಸಂಜೆಗೆ ಒಡ್ಡೋಲಗ. ಮೂಲಾ ನಕ್ಷತ್ರದಲ್ಲಿ ಸರಸ್ವತಿಯ ಆವಾಹನೆ, ಸಪ್ತಮಿಯಂದು ಕಾಳರಾತ್ರಿಯ ಪೂಜೆ, ಅಷ್ಟಮಿಯಂದು ದುರ್ಗಾಪೂಜೆ, ನವಮಿಯಂದು ಆಯುಧಗಳಿಗೂ ಪಟ್ಟದ ಆನೆ ಕುದುರೆಗಳಿಗೂ ಪೂಜೆ. ವಿಜಯದಶಮಿಯಂದು ಜಟ್ಟಿಗಳ ವಜ್ರಮುಷ್ಟಿ ಕಾಳಗವಾದ ಬಳಿಕ ಮೆರವಣಿಗೆಯು ಬನ್ನಿಯ ಮರದೆಡೆಗೆ ಸಾಗುವುದು. ದೇವಿಯು ಮಹಿಷಾಸುರನನ್ನು ಕೊಂದ ಕಥೆಯೂ, ಪಾಂಡವರು ಬನ್ನಿಯಲ್ಲಿ ಬಚ್ಚಿಟ್ಟ ಆಯುಧಗಳನ್ನು ಅಜ್ಞಾತವಾಸ ಮುಗಿದಾಗ ಮರಳಿ ಪಡೆದ ಕಥೆಯೂ ಈ ದಿನಗಳಲ್ಲಿ ಮನೆಮನೆಯಲ್ಲಿ ನಡೆಯುವುವು. ಪಟ್ಟದ ಗೊಂಬೆಗಳನ್ನಿಟ್ಟು ಮಕ್ಕಳಿಗೆ ತಿಂಡಿ ಹಂಚುವ ತಾಯಂದಿರು ಅರಮನೆಯ ಒಡ್ಡೋಲಗವನ್ನೇ ತಮ್ಮ ಪಡಸಾಲೆಗೆ ಇಳಿಸುವರು.

ರಾಜ ಒಡೆಯರ ಹೆಸರಿನೊಡನೆ ಮತ್ತೊಂದು ಶೋಕದ ಕಥೆಯೂ ಹೆಣೆದುಕೊಂಡಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ತಲಕಾಡಿಗೆ ಹೋದ ರಾಯನು ಅಲ್ಲಿಯೇ ತೀರಿಕೊಂಡನು. ಅವನ ಪತ್ನಿ ಅಲಮೇಲಮ್ಮನ ಬಳಿ ಬೆಲೆಬಾಳುವ ಒಡವೆಗಳಿದ್ದುವು. ಮಂಗಳವಾರ, ಶುಕ್ರವಾರಗಳಂದು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ಅವುಗಳಿಂದ ಅಲಂಕಾರವಾಗುತ್ತಿತ್ತು. ದೇವಿಯ ಅಲಂಕಾರಕ್ಕಾಗಿ ಒಡವೆಗಳನ್ನು ಒಪ್ಪಿಸಬೇಕೆಂದು ಒಡೆಯರು ಜನರನ್ನು ಕಳುಹಿಸಿದರು. ಆಕೆ ಮುತ್ತಿನ ಮೂಗುತಿಯನ್ನು ಮಾತ್ರ ಕೊಟ್ಟು ಉಳಿದುವನ್ನು ಕೊಡಲೊಲ್ಲದಾದಳು. ಸೈನಿಕರು ಬೆನ್ನಟ್ಟಲು, ಒಡವೆಗಳೊಡನೆ ಮಾಲಂಗಿಯ ಬಳಿ ಕಾವೇರಿಯ ಮಡುವಿಗೆ ಹಾರಿದಳು. ಹಾರುವ ಮುನ್ನ ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರಿನ ಅರಸರಿಗೆ ಸಂತಾನವಿಲ್ಲದಿರಲೆಂದೂ ಶಪಿಸಿದಳೆಂಬುದು ಜನಜನಿತವಾದ ಕಥೆ.

ತಲಕಾಡಿನ ಗುಡಿಗಳು ಮರಳಿನಲ್ಲಿ ಹೂತುಹೋದುದು ನಿಜ. ಮೇಲ್ಗಡೆ ನದಿಗೆ ಹಿಂದೆಯೇ ಕಟ್ಟಿದ್ದ ಕಟ್ಟೆಯಿಂದ ನೀರಿನ ಹರಿವು ಬದಲಾಗಿ, ಬಯಲಾದ ಮರಳನ್ನು ಗಾಳಿಯು ಊರಿನ ಮೇಲೆ ತಂದು ಸುರಿಯಿತೆಂದು ಈ ಕಾಲದ ವಿದ್ವಾಂಸರು ವಿವರಿಸುವರು. ಶಾಪವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಗಮನಿಸಬೇಕಾದ ಮಾತು ಬೇರೊಂದಿದೆ. ಒಡೆಯರು ಈ ವಾರ್ತೆಯನ್ನು ಕೇಳಿ ಪಶ್ಚಾತ್ತಾಪಗೊಂಡು ಆಕೆಯ ಪ್ರತಿಮೆಯನ್ನು ಮಾಡಿಸಿ ಪೂಜಿಸಿದರೆಂದು ಐತಿಹ್ಯವುಂಟು; ಅರಮನೆಯಲ್ಲಿ ನವರಾತ್ರಿಯ ಕಾಲದಲ್ಲಿ ಅಲಮೇಲಮ್ಮನಿಗೂ ಪೂಜೆ ಸಲ್ಲುತ್ತ ಬಂದಿದೆ. ಗೆದ್ದವರ ಹಬ್ಬದಲ್ಲಿ ಸೋತವಳಿಗೊಂದು ಸ್ಥಾನ! ತನ್ನ ಮಗನ ಸಾವಿಗಾಗಿ ಹಬ್ಬವನ್ನು ನಿಲ್ಲಿಸದ ಮನೆತನವು ತನ್ನಿಂದ ನೊಂದವಳ ನೆನಪನ್ನು ಆ ಹಬ್ಬದೊಳಕ್ಕೇ ಕರೆದುಕೊಂಡಿತು.

1612ರಲ್ಲಿ ಸಾಮ್ರಾಟ ವೆಂಕಟಪತಿರಾಯರು ಶ್ರೀರಂಗಪಟ್ಟಣದ ಮೇಲೆ ರಾಜ ಒಡೆಯರಿಗಿದ್ದ ಅಧಿಕಾರವನ್ನು ದಾನಶಾಸನದ ಮೂಲಕ ಮನ್ನಿಸಿದರು. ಕೊನೆಯ ವರ್ಷಗಳಲ್ಲಿ ಅರಸರ ಮನಸ್ಸು ಮೇಲುಕೋಟೆಯ ಚೆಲುವನಾರಾಯಣನಲ್ಲಿ ನೆಲೆಸಿತು. ಅವರು ಸಮರ್ಪಿಸಿದ ರಾಜಮುಡಿಯೆಂಬ ಕಿರೀಟವನ್ನು ಸ್ವಾಮಿಗೆ ಇಂದಿಗೂ ಉತ್ಸವದಲ್ಲಿ ತೊಡಿಸುತ್ತಾರೆ. ಕೈಮುಗಿದು ನಿಂತ ಅವರ ಪ್ರತಿಮೆಯನ್ನು ಆ ದೇವಾಲಯದ ಕಂಬವೊಂದರಲ್ಲಿ ಕಾಣಬಹುದು. 1617ರಲ್ಲಿ ಅವರು ಕಾಲವಶರಾದರು. ಗರ್ಭಗುಡಿಯನ್ನು ಹೊಕ್ಕವರು ದೇವರಲ್ಲಿ ಐಕ್ಯರಾದರೆಂದು ಭಕ್ತರು ನಂಬುವರು. ಪಟ್ಟವು ಮೊಮ್ಮಗನಾದ ಚಾಮರಾಜ ಒಡೆಯರಿಗೆ ಸಂದಿತು.

ಅವರು ನಡೆಸಿದ ಹಬ್ಬವು ಅವರ ರಾಜ್ಯಕ್ಕಿಂತ ದೀರ್ಘಾಯುವಾಯಿತು. ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿದ್ದ ಕಾಲದಲ್ಲಿಯೂ ದಸರೆಯಂದು ಒಡೆಯರನ್ನು ಸಿಂಹಾಸನದಲ್ಲಿ ಕೂರಿಸಿ ಜನರಿಗೆ ದರ್ಶನ ಮಾಡಿಸಲಾಗುತ್ತಿತ್ತು. 1799ರ ಬಳಿಕ ರಾಜಧಾನಿಯೊಡನೆ ಉತ್ಸವವೂ ಮೈಸೂರಿಗೆ ಬಂದಿತು. 1971ರಲ್ಲಿ ಅರಸರ ರಾಜಧನವೂ ಮನ್ನಣೆಗಳೂ ರದ್ದಾದುವು. ಅರಸರು ಕುಳಿತಿದ್ದ ಅಂಬಾರಿಯಲ್ಲಿ ತಾಯಿ ಚಾಮುಂಡೇಶ್ವರಿಯು ಕುಳಿತಳು, ಮೆರವಣಿಗೆ ನಿಲ್ಲಲಿಲ್ಲ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ನಿಧನರಾದರು. ಮರುವರ್ಷದ ನವರಾತ್ರಿಯಲ್ಲಿ ಸಿಂಹಾಸನವೇರುವವರಿರಲಿಲ್ಲ. ಆಗ ಪಟ್ಟದ ಕತ್ತಿಯನ್ನಿರಿಸಿ ವಿಧಿಗಳನ್ನು ನೆರವೇರಿಸಲಾಯಿತು. ನಾನೂರು ವರ್ಷಗಳ ಹಿಂದೆ ಒಬ್ಬ ತಂದೆಯು ಕೈಗೊಂಡ ತೀರ್ಮಾನವು ಅಂದೂ ನಡೆಯಿತು.

ಪರಸ್ಥಳದಲ್ಲಿ ದುಡಿಯುವ ನಮಗೆ ಈ ಕಥೆಯು ದೂರದ್ದಲ್ಲ. ಹಬ್ಬದ ದಿನವೇ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು ಹೆಚ್ಚು. ರಜೆಯೆಂಬುದು ಕನಸಿನ ಮಾತು. ಊರಿನಲ್ಲಿ ಹಿರಿಯರು ತೀರಿಕೊಂಡ ಸುದ್ದಿಯನ್ನು ಕೇಳಿಯೂ ರೈಲಿಗೆ ಸ್ಥಳ ಸಿಕ್ಕದೆ ಒಲೆಯ ಮುಂದೆಯೋ ಲೆಕ್ಕದ ಪುಸ್ತಕದ ಮುಂದೆಯೋ ನಿಂತವರು ನಮ್ಮಲ್ಲಿಲ್ಲದಿಲ್ಲ. ಕಣ್ಣೀರನ್ನು ಒರೆಸಿಕೊಂಡು ಇತರರ ಎಲೆಗೆ ಬಡಿಸುವವನ ಕಷ್ಟವೆಂತಹದೆಂದು ರಾಜ ಒಡೆಯರು ಬಲ್ಲರು. ದುಃಖವನ್ನು ಮರೆಯಬೇಕೆಂದು ಅವರ ಬಾಳು ಹೇಳುವುದಿಲ್ಲ. ಮೇಲುಕೋಟೆಯಲ್ಲಿ ಕೈಮುಗಿದು ನಿಂತ ಆ ಪ್ರತಿಮೆಯನ್ನು ಕಂಡವರು ಅವರು ಮರೆತರೆಂದು ಎಣಿಸಲಾರರು. ನಾಲ್ವರಿಗೆ ಸೇರಿದುದನ್ನು ನಮ್ಮೊಬ್ಬರ ದುಃಖಕ್ಕಾಗಿ ನಿಲ್ಲಿಸಬಾರದೆಂದಷ್ಟೇ ಅದು ತಿಳಿಸುವುದು.

ಮಹಾನವಮಿಯ ಬೆಳಿಗ್ಗೆ ರುಬ್ಬುವ ಕಲ್ಲಿಗೆ, ಕಾವಲಿಗೆ, ಗಲ್ಲದ ಪೆಟ್ಟಿಗೆಗೆ, ಬರೆಯುವ ಲೇಖನಿಗೆ ಅರಿಸಿನ ಕುಂಕುಮವಿಟ್ಟು ಒಂದು ಹೂವನ್ನೇರಿಸುವಾಗ ಶ್ರೀರಂಗಪಟ್ಟಣದ ಆ ಮೊದಲ ನವರಾತ್ರಿಯನ್ನು ನೆನೆಯೋಣ. ಮರುದಿನ ಮಹಾರಾಷ್ಟ್ರದ ನೆರೆಯವರು ಬಂಗಾರವೆಂದು ಎಲೆಯನ್ನು ಕೈಗಿತ್ತಾಗ ನಾವೂ ಬನ್ನಿಯನ್ನು ಕೊಟ್ಟು ಹಿರಿಯರಿಗೆ ನಮಸ್ಕರಿಸೋಣ. ಅರಮನೆಯಾದರೇನು, ಅಡುಗೆಮನೆಯಾದರೇನು? ಹಬ್ಬವು ನಡೆಸುವವರಿದ್ದೆಡೆಯಲ್ಲಿ ನಡೆಯುವುದು.