ಮೀನು ವ್ಯಾಪಾರಿಯ ಮಗ, ಒಂದು ಸಹಿ, ರೆಕ್ಕೆ ಬಂದ ಕ್ಷೇತ್ರ: ಎಲ್‌ಬ್ರಿಜ್ ಗೆರ್ರಿ ಕಥೆ

ಒಂದು ಪಕ್ಷಕ್ಕೆ ಬಿದ್ದ ಮತ 51,766, ಸಿಕ್ಕಿದ್ದು 11 ಸೀಟು. ಇನ್ನೊಂದಕ್ಕೆ ಬಿದ್ದ ಮತ 50,164, ಸಿಕ್ಕಿದ್ದು 29 ಸೀಟು. ಯಾರೂ ಪೆಟ್ಟಿಗೆ ಕದ್ದಿರಲಿಲ್ಲ, ಎಣಿಸುವಾಗ ಕೈಚಳಕವೂ ನಡೆದಿರಲಿಲ್ಲ. ಮತದಾನಕ್ಕೆ ಎರಡು ತಿಂಗಳು ಮೊದಲೇ ಎಲ್ಲ ಮುಗಿದುಹೋಗಿತ್ತು. ಇದು 1812ರ ಏಪ್ರಿಲ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟ್‌ಗೆ, ಅಂದರೆ ಮೇಲ್ಮನೆಗೆ ನಡೆದ ಚುನಾವಣೆ.

ಆ ಎರಡು ತಿಂಗಳ ಹಿಂದಿನ ಕಾಗದಕ್ಕೆ ಸಹಿ ಹಾಕಿದವರು ಗವರ್ನರ್ ಎಲ್‌ಬ್ರಿಜ್ ಗೆರ್ರಿ. ಅಲ್ಲಿ ಗವರ್ನರ್ ಅಂದರೆ ನಮ್ಮ ರಾಜ್ಯಪಾಲರ ಹಾಗೆ ನೇಮಕ ಆದವರಲ್ಲ, ಜನರೇ ಮತ ಹಾಕಿ ಆರಿಸಿದವರು. ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಚುನಾವಣಾ ಕ್ಷೇತ್ರದ ಗಡಿಯನ್ನು ಪಕ್ಷದ ಲಾಭಕ್ಕೆ ತಕ್ಕಂತೆ ಎಳೆಯುವುದಕ್ಕೆ ಇವತ್ತಿಗೂ ಜಗತ್ತು ‘ಜೆರಿಮ್ಯಾಂಡರ್’ ಅನ್ನುವುದು ಇವರ ಹೆಸರಿನಿಂದಲೇ. ಅದೂ ಸರಿಯಾಗಿ ಅಲ್ಲ. ಅವರ ಹೆಸರಿನ ಮೊದಲ ಅಕ್ಷರ ‘ಗೆ’, ಜನರ ಬಾಯಲ್ಲಿ ಅದು ‘ಜೆ’ ಆಯಿತು.

ಗೆರ್ರಿ ಹುಟ್ಟಿದ್ದು 1744ರ ಜುಲೈ 17ರಂದು, ಮಾರ್ಬಲ್‌ಹೆಡ್ ಅನ್ನುವ ಮೀನುಗಾರರ ಊರಿನಲ್ಲಿ. ತಂದೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದು ಅಲ್ಲೇ ನೆಲೆ ನಿಂತ ವ್ಯಾಪಾರಿ. ಕಾಡ್ ಎಂಬ ಮೀನಿಗೆ ಉಪ್ಪು ಹಾಕಿ ಒಣಗಿಸಿ ಸ್ಪೇನ್‌ಗೆ, ಬಾರ್ಬಡೋಸ್‌ಗೆ ಕಳಿಸುವುದು ಮನೆತನದ ಕಸುಬು. ಮಗ 14 ತುಂಬುವ ಮೊದಲೇ ಹಾರ್ವರ್ಡ್ ಕಾಲೇಜು ಸೇರಿ, 1762ರಲ್ಲಿ ಪದವಿ ಪಡೆದು, ವಾಪಸ್ ಬಂದು ಅದೇ ವ್ಯಾಪಾರಕ್ಕೆ ಕೂತರು. ಸಣ್ಣ ಮೈಕಟ್ಟು, ಮಾತಿನಲ್ಲಿ ತೊದಲು. ಭಾಷಣ ಮಾಡಿ ಜನ ಸೇರಿಸುವ ಪೈಕಿ ಅಲ್ಲವೇ ಅಲ್ಲ. ಆದರೆ ಲೆಕ್ಕ ಗೊತ್ತಿತ್ತು, ಹಟ ಇತ್ತು.

ಜನರ ಗುಂಪಿನ ಭಯ ಅವರಿಗೆ ಬೇಗನೇ ಆಯಿತು. 1773ರಲ್ಲಿ ಊರಿಗೆ ಸಿಡುಬು ಬಂದಾಗ ಗೆರ್ರಿ ಮತ್ತು ಕೆಲವು ವ್ಯಾಪಾರಿಗಳು ಸೇರಿ ಹತ್ತಿರದ ಕ್ಯಾಟ್ ದ್ವೀಪದಲ್ಲಿ ಆಸ್ಪತ್ರೆ ಕಟ್ಟಿಸಿದರು. ಅಲ್ಲಿಂದ ರೋಗ ಊರಿಗೆ ಹರಡುತ್ತೆ ಅಂತ ಜನರಿಗೆ ಸಿಟ್ಟು. 1774ರ ಜನವರಿಯಲ್ಲಿ ಗುಂಪು ಕಟ್ಟಿಕೊಂಡು ಹೋಗಿ ಆಸ್ಪತ್ರೆಗೆ ಬೆಂಕಿ ಇಟ್ಟರು. ಗೆರ್ರಿ ಬೇಸತ್ತು ಊರಿನ ಹೋರಾಟ ಸಮಿತಿಗೆ ರಾಜೀನಾಮೆ ಕೊಟ್ಟರು. ಒಂದು ಕಡೆ ಇಂಗ್ಲೆಂಡಿನ ರಾಜನ ಮೇಲೆ ಅನುಮಾನ, ಇನ್ನೊಂದು ಕಡೆ ಬೀದಿಗೆ ಇಳಿದ ಗುಂಪಿನ ಮೇಲೆ ಅನುಮಾನ. ಈ ಎರಡೂ ಅವರನ್ನು ಸಾಯುವವರೆಗೆ ಬಿಡಲಿಲ್ಲ.

ಸ್ವಾತಂತ್ರ್ಯ ಹೋರಾಟದಲ್ಲಿ ಮತ್ತೆ ಬಂದರು. 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನಿಕರು ಲೆಕ್ಸಿಂಗ್ಟನ್ ಕಡೆ ಹೊರಟಾಗ ಗೆರ್ರಿ ದಾರಿಯಲ್ಲೇ ಒಂದು ಹೋಟೆಲಿನಲ್ಲಿ ತಂಗಿದ್ದರು. ಗೊತ್ತಾದ ಕೂಡಲೇ ಹಿಂದಿನ ಹೊಲಕ್ಕೆ ಓಡಿ ಚಳಿಯಲ್ಲಿ ಅಡಗಿ ಕೂತು ಬಚಾವಾದರು. ಜೊತೆಗಿದ್ದ ಜೆರಮಾಯಾ ಲೀ ಕೆಲವೇ ವಾರಗಳಲ್ಲಿ ಕಾಯಿಲೆಯಿಂದ ತೀರಿಕೊಂಡರು. ಮುಂದೆ ಸೈನ್ಯಕ್ಕೆ ಸಾಮಾನು ಸರಬರಾಜು ನೋಡಿಕೊಂಡದ್ದು, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಮಂದಿಯಲ್ಲಿ ಒಬ್ಬರಾದದ್ದು ಎಲ್ಲ ಚರಿತ್ರೆಯ ಪುಸ್ತಕದಲ್ಲಿದೆ.

ಆದರೆ ಅವರ ಸ್ವಭಾವ ಗೊತ್ತಾಗುವುದು ಹಾಕಿದ ಸಹಿಯಿಂದಲ್ಲ, ಹಾಕದೆ ಬಿಟ್ಟ ಸಹಿಯಿಂದ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆದಾಗ ಗೆರ್ರಿ ನಾಲ್ಕು ತಿಂಗಳು ಕೂತು ಚರ್ಚೆ ಮಾಡಿದರು. ಜನರ ಹಕ್ಕುಗಳ ಪಟ್ಟಿಯೊಂದನ್ನು ಸೇರಿಸೋಣ ಅಂತ ಸೂಚನೆ ಮಂಡಿಸಿದ್ದೂ ಅವರೇ. ಒಂದು ರಾಜ್ಯವೂ ಒಪ್ಪಲಿಲ್ಲ. ಕೊನೆಯ ದಿನ ಹಾಜರಿದ್ದೂ ಸಹಿ ಹಾಕದವರು ಮೂವರು: ಜಾರ್ಜ್ ಮೇಸನ್, ಎಡ್ಮಂಡ್ ರಾಂಡಾಲ್ಫ್ ಮತ್ತು ಗೆರ್ರಿ. ಆ ಹಕ್ಕುಗಳು 1791ರಲ್ಲಿ ಹತ್ತು ತಿದ್ದುಪಡಿಗಳಾಗಿ ಸೇರಿದವು. ಆಗ ಸಂಸತ್ತಿನ ಕೆಳಮನೆಯಲ್ಲಿ ಗೆರ್ರಿಯೂ ಇದ್ದರು.

ಅದೇ ಸಭೆಯಲ್ಲಿ ಇನ್ನೊಂದು ವಿಷಯ ಬಂದಿತ್ತು. ಚುನಾವಣೆ ಹೇಗೆ, ಎಲ್ಲಿ ನಡೆಸಬೇಕು ಅನ್ನುವುದನ್ನು ಪೂರ್ತಿ ರಾಜ್ಯಗಳ ಕೈಗೆ ಬಿಟ್ಟರೆ, ಅಲ್ಲಿ ಅಧಿಕಾರದಲ್ಲಿ ಇರುವವರು ತಮಗೆ ಬೇಕಾದವರು ಗೆಲ್ಲುವ ಹಾಗೆ ನಿಯಮ ಮಾಡಿಕೊಳ್ಳುತ್ತಾರೆ ಅಂತ ಜೇಮ್ಸ್ ಮ್ಯಾಡಿಸನ್ ಎಚ್ಚರಿಸಿದರು. ಗೆರ್ರಿಗೆ ಇದಕ್ಕಿಂತ ದೊಡ್ಡ ಭಯ ಕೇಂದ್ರದ್ದು. ಚುನಾವಣೆಯ ಮೇಲೆ ಕೇಂದ್ರಕ್ಕೆ ಹಿಡಿತ ಕೊಟ್ಟದ್ದನ್ನೂ ತಮ್ಮ ಆಕ್ಷೇಪಗಳ ಪಟ್ಟಿಯಲ್ಲಿ ಸೇರಿಸಿದ್ದರು. 25 ವರ್ಷ ಆದ ಮೇಲೆ ಮ್ಯಾಡಿಸನ್ ಹೇಳಿದ್ದನ್ನು ನಿಜ ಮಾಡಿ ತೋರಿಸಿದ ರಾಜ್ಯ ಗೆರ್ರಿಯದೇ.

ಪಕ್ಷಗಳನ್ನು ಕಂಡರೆ ಆಗದ ಈ ಮನುಷ್ಯ ಪಕ್ಷದೊಳಗೆ ಬಿದ್ದದ್ದು ಫ್ರಾನ್ಸ್ ದೆಸೆಯಿಂದ. 1797ರಲ್ಲಿ ಮೂವರು ರಾಯಭಾರಿಗಳಲ್ಲಿ ಒಬ್ಬರಾಗಿ ಪ್ಯಾರಿಸ್‌ಗೆ ಹೋದರು. ಫ್ರೆಂಚ್ ಮಂತ್ರಿ ಟಾಲಿರಾಂಡ್ ಕಡೆಯ ದಲ್ಲಾಳಿಗಳು ಮಾತುಕತೆಗೆ ಮುಂಚೆ ಲಂಚ ಕೇಳಿದರು. ಉಳಿದ ಇಬ್ಬರು ಹೊರಟು ಬಂದರು. ನಾನೂ ಹೊರಟರೆ ಯುದ್ಧ ಆಗುತ್ತೆ ಅಂದುಕೊಂಡು ಗೆರ್ರಿ ಅಲ್ಲೇ ಉಳಿದರು. ಫೆಡರಲಿಸ್ಟ್ ಪಕ್ಷದವರಿಗೆ ಇದು ದೇಶದ್ರೋಹದ ಹಾಗೆ ಕಂಡಿತು, ಪ್ರತಿಕೃತಿ ಸುಟ್ಟರು. ಗೆರ್ರಿ ಎದುರು ಬಣಕ್ಕೆ, ಥಾಮಸ್ ಜೆಫರ್ಸನ್ ಪಕ್ಷಕ್ಕೆ ಸೇರಿದರು.

ಎಣಿಕೆಯ ಜಗಳ ಮೊದಲು, ಗೆರೆಯ ಜಗಳ ಆಮೇಲೆ

ಮ್ಯಾಸಚೂಸೆಟ್ಸ್‌ನಲ್ಲಿ ಆಗ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಗವರ್ನರ್ ಚುನಾವಣೆ. ಹಾಗಾಗಿ ಪ್ರಚಾರ ಮುಗಿಯುವುದೇ ಇಲ್ಲ, ದ್ವೇಷ ಆರುವುದೂ ಇಲ್ಲ. ಗೆರ್ರಿ 1800ರಿಂದ 1803ರವರೆಗೆ ನಾಲ್ಕು ಸಲ ನಿಂತು ನಾಲ್ಕೂ ಸಲ ಫೆಡರಲಿಸ್ಟ್ ಪಕ್ಷದ ಕೇಲಬ್ ಸ್ಟ್ರಾಂಗ್ ಎದುರು ಸೋತರು.

1806ರಲ್ಲಿ ಗೆರ್ರಿ ಕಣದಲ್ಲಿರಲಿಲ್ಲ, ಆದರೆ ಅವರ ಪಕ್ಷ ಏನು ಮಾಡಿತು ನೋಡಿ. ಸ್ಟ್ರಾಂಗ್ ಮತ್ತು ಜೇಮ್ಸ್ ಸಲಿವನ್ ನಡುವೆ ಕೂದಲೆಳೆ ಅಂತರ. ಆಗ ಸರ್ಕಾರಿ ಮತಪತ್ರ ಇರಲಿಲ್ಲ, ಅಭ್ಯರ್ಥಿಯ ಹೆಸರಿನ ಚೀಟಿ ಹಾಕಬೇಕು. ಮರುಪರಿಶೀಲನೆ ಮಾಡಿದ್ದು ಶಾಸನಸಭೆ, ಅಲ್ಲಿ ಬಹುಮತ ಜೆಫರ್ಸನ್ ಪಕ್ಷದ್ದು. ಸ್ಟ್ರಾಂಗ್ ಹೆಸರಿನಲ್ಲಿ ಕಾಗುಣಿತ ತಪ್ಪಿದ ಮತಗಳನ್ನು ತೆಗೆದುಹಾಕಿದರು, ಸಲಿವನ್ ಹೆಸರಿನಲ್ಲಿ ತಪ್ಪಿದ್ದನ್ನು ಉಳಿಸಿಕೊಂಡರು! ಸಲಿವನ್ ಗೆದ್ದ ಲೆಕ್ಕ ಬಂತು. ಊರೆಲ್ಲ ಗಲಾಟೆ ಎದ್ದಿತು. ಮತ್ತೆ ಎಣಿಸಿ ಸ್ಟ್ರಾಂಗ್ ಗೆದ್ದರು ಅಂತ ಘೋಷಿಸಬೇಕಾಯಿತು.

ಎಣಿಕೆಯಲ್ಲಿ ಕೈ ಹಾಕಿದರೆ ಎಲ್ಲರ ಕಣ್ಣಿಗೆ ಬೀಳುತ್ತೆ. ಗೆರೆ ಹಾಗಲ್ಲ, ಅದು ಕಚೇರಿಯೊಳಗೆ ಕಾಗದದ ಮೇಲೆ ಬೀಳುವಂಥದ್ದು.

1810ರಲ್ಲಿ ಕೊನೆಗೂ ಗೆರ್ರಿ ಗವರ್ನರ್ ಆದರು, 1811ರಲ್ಲಿ ಮತ್ತೆ ಗೆದ್ದರು. ಮೊದಲ ವರ್ಷ ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವ ಮಾತು. ಎರಡನೇ ವರ್ಷ ಬ್ರಿಟನ್ ಜೊತೆ ಯುದ್ಧದ ಮೋಡ ಕವಿಯಿತು. ಫೆಡರಲಿಸ್ಟರು ಬ್ರಿಟನ್ ಕಡೆ ವಾಲಿದ್ದಾರೆ, ದೇಶ ಒಡೆಯುತ್ತಾರೆ ಅಂತ ಗೆರ್ರಿಗೆ ಗಟ್ಟಿ ಅನುಮಾನ. ಸರ್ಕಾರಿ ಹುದ್ದೆಗಳಿಂದ ಅವರನ್ನು ಕಿತ್ತು ತಮ್ಮವರನ್ನು ಕೂರಿಸಿದರು. ಪತ್ರಿಕೆಗಳಲ್ಲಿ ಬಂದ ನಿಂದನೆಗಳನ್ನು ಪಟ್ಟಿ ಮಾಡಿಸಿ ಶಾಸನಸಭೆಗೆ ಕಳಿಸಿದರು. ಒಂದು ಕಾಲಕ್ಕೆ ಜನರ ಹಕ್ಕಿನ ಪಟ್ಟಿ ಕೇಳಿದ್ದ ಮನುಷ್ಯ ಇವರೇನಾ ಅನ್ನಿಸುತ್ತೆ.

ಎರಡೂ ಸದನಗಳು ಜೆಫರ್ಸನ್ ಪಕ್ಷದ ಕೈಯಲ್ಲಿದ್ದವು. ಮುಂದಿನ ವರ್ಷ ಹೀಗೆ ಇರುತ್ತೆ ಅನ್ನುವ ಖಾತ್ರಿ ಇರಲಿಲ್ಲ. ಅದುವರೆಗೆ ಸೆನೆಟ್ ಕ್ಷೇತ್ರಗಳು ಹೆಚ್ಚಾಗಿ ಕೌಂಟಿಗಳ, ಅಂದರೆ ಅಲ್ಲಿನ ಜಿಲ್ಲೆಗಳ ಗಡಿಯನ್ನೇ ಅನುಸರಿಸುತ್ತಿದ್ದವು. ಹೊಸ ಮಸೂದೆ ಆ ಗಡಿಗಳನ್ನು ಕಡಿದು ತಮಗೆ ಬೇಕಾದ ಹಾಗೆ ಜೋಡಿಸಿತು. 1812ರ ಫೆಬ್ರುವರಿ 11ರಂದು ಗೆರ್ರಿ ಸಹಿ ಹಾಕಿದರು.

ಈ ನಕ್ಷೆ ಅವರು ಕೂತು ಬರೆದದ್ದಲ್ಲ. ಅವರಿಗೆ ಇದು ಇಷ್ಟವೂ ಇರಲಿಲ್ಲ ಅಂತ ಮುಂದೆ ಅವರ ಜೀವನಚರಿತ್ರೆ ಬರೆದ ಅಳಿಯ ಜೇಮ್ಸ್ ಆಸ್ಟಿನ್ ಹೇಳಿದ್ದಾರೆ. ಅಳಿಯನ ಮಾತು, ಎಷ್ಟು ನಂಬಬೇಕೋ ಅಷ್ಟು ನಂಬಬಹುದು. ಆದರೆ ಮಸೂದೆಯನ್ನು ವಾಪಸ್ ಕಳಿಸುವ ಅಧಿಕಾರ ಗವರ್ನರ್‌ಗೆ ಇತ್ತು. ಇಡೀ ದೇಶದ ಸಂವಿಧಾನಕ್ಕೆ ಸಹಿ ಹಾಕಲ್ಲ ಅಂತ ಕೂತಿದ್ದವರು ಪಕ್ಷದ ನಕ್ಷೆಗೆ ಹಾಕಿಬಿಟ್ಟರು.

ನಕ್ಷೆಯಲ್ಲಿ ಆಟ ಹೇಗೆ ನಡೆಯುತ್ತೆ? ಐದು ವಾರ್ಡಿನ ಒಂದು ಪಟ್ಟಣ ಅಂದುಕೊಳ್ಳಿ, ವಾರ್ಡಿಗೆ 100 ಮತ. ಒಟ್ಟು 500ರಲ್ಲಿ 300 ಒಂದು ಪಕ್ಷದ್ದು, 200 ಇನ್ನೊಂದರದ್ದು. 300 ಇರುವವರ ಮನೆಗಳನ್ನು ಹುಡುಕಿ ಎರಡು ವಾರ್ಡುಗಳಲ್ಲಿ ತಲಾ 90ರಂತೆ ತುಂಬಿ. ಆ ಎರಡೂ ವಾರ್ಡು ಅವರೇ ಭರ್ಜರಿಯಾಗಿ ಗೆಲ್ಲಲಿ ಬಿಡಿ. ಉಳಿದ 120 ಮತವನ್ನು ಮೂರು ವಾರ್ಡಿಗೆ ನಲವತ್ತು ನಲವತ್ತು ಹಂಚಿ. ಆ ಮೂರರಲ್ಲೂ ಎದುರಾಳಿಗೆ 60. ಕೊನೆಗೆ 200 ಮತದವರಿಗೆ ಮೂರು ವಾರ್ಡು, 300 ಮತದವರಿಗೆ ಎರಡು. ಯಾರ ಮತವನ್ನೂ ಯಾರೂ ಮುಟ್ಟಿಲ್ಲ. ಎಣಿಸುವ ಮೇಜಿನ ಮುಂದೆ ಏಜೆಂಟರು ಎಷ್ಟು ಹೊತ್ತು ಕಣ್ಣು ಬಿಟ್ಟುಕೊಂಡು ಕೂತರೂ ಇದು ಸಿಕ್ಕುವುದಿಲ್ಲ.

ಗೆರ್ರಿ ಹುಟ್ಟಿದ ಎಸೆಕ್ಸ್ ಕೌಂಟಿಯಲ್ಲಿ ಎಳೆದ ಗೆರೆ ಎಲ್ಲಕ್ಕಿಂತ ವಿಚಿತ್ರ. ಸಮುದ್ರದ ಬದಿಯ ಚೆಲ್ಸಿ, ಲಿನ್, ಸೇಲಂನಿಂದ ಹೊರಟು, ಆಂಡೋವರ್ ಕಡೆ ಮೇಲಕ್ಕೆ ಹತ್ತಿ, ಹೇವರ್‌ಹಿಲ್ ದಾಟಿ, ಉತ್ತರದ ಸಾಲ್ಸ್‌ಬರಿವರೆಗೆ ಒಂದು ಪಟ್ಟಿ ಸುತ್ತಿಕೊಂಡು ಹೋಗುತ್ತೆ. ನಡುವಿನ ಊರುಗಳು ಬೇರೆ ಕ್ಷೇತ್ರಕ್ಕೆ. ಗೆರ್ರಿಯ ಹುಟ್ಟೂರು ಮಾರ್ಬಲ್‌ಹೆಡ್ ಕೂಡ ಈ ಪಟ್ಟಿಯೊಳಗೇ ಇತ್ತು. 1812ರ ಮಾರ್ಚ್ 26ರಂದು ಬಾಸ್ಟನ್ ಗೆಜೆಟ್ ಪತ್ರಿಕೆ ಈ ಪಟ್ಟಿಗೆ ರೆಕ್ಕೆ, ಉಗುರು, ಹಲ್ಲು ಬರೆದು ವಿಕಾರ ಪ್ರಾಣಿಯ ಚಿತ್ರ ಮಾಡಿ ಅಚ್ಚು ಹಾಕಿತು. ಸಾಲಮ್ಯಾಂಡರ್ ಅಂದರೆ ಹಲ್ಲಿಯ ಹಾಗೆ ಕಾಣುವ ಒಂದು ಪ್ರಾಣಿ. ಅದರ ಬಾಲಕ್ಕೆ ಗೆರ್ರಿ ಹೆಸರು ಅಂಟಿಸಿದರು. ಈ ಹೆಸರು ಮೊದಲು ಹೊಳೆದದ್ದು ಯಾರಿಗೆ ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ.

ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಹಿಂದೆ ಐದಕ್ಕೆ ಐದೂ ಫೆಡರಲಿಸ್ಟರನ್ನು ಕಳಿಸುತ್ತಿದ್ದ ಎಸೆಕ್ಸ್‌ನಲ್ಲಿ ಈಗ ಮೂವರು ಜೆಫರ್ಸನ್ ಪಕ್ಷದವರು. ಇಡೀ ಸೆನೆಟ್‌ನಲ್ಲಿ 40ಕ್ಕೆ 29. ನಕ್ಷೆ ಕೆಲಸ ಮಾಡಿತು. ಆದರೆ ಗವರ್ನರ್ ಚುನಾವಣೆಗೆ ಕ್ಷೇತ್ರವೇ ಇಲ್ಲ, ಇಡೀ ರಾಜ್ಯ ಒಂದೇ ಲೆಕ್ಕ. ಅಲ್ಲಿ ಗೆರೆ ಉಪಯೋಗಕ್ಕೆ ಬರಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಮತ ಬಿದ್ದ ಚುನಾವಣೆಯಲ್ಲಿ ಒಂದೂವರೆ ಸಾವಿರಕ್ಕೂ ಕಡಿಮೆ ಅಂತರದಿಂದ ಗೆರ್ರಿ ಅದೇ ಹಳೆಯ ಎದುರಾಳಿ ಸ್ಟ್ರಾಂಗ್‌ಗೆ ಸೋತರು. ಸಹಿ ಹಾಕಿದವರು ಮನೆಗೆ, ಬರೆಸಿಕೊಂಡವರು ಸದನಕ್ಕೆ. ಕೆಳಮನೆಯನ್ನೂ ಫೆಡರಲಿಸ್ಟರು ಹಿಡಿದರು, 1813ರಲ್ಲಿ ಆ ಕಾನೂನನ್ನು ರದ್ದು ಮಾಡಿದರು. ಹೆಸರನ್ನು ರದ್ದು ಮಾಡುವವರು ಯಾರೂ ಇರಲಿಲ್ಲ.

ಈ ಆಟ ಗೆರ್ರಿಯೇ ಶುರು ಮಾಡಿದ್ದೂ ಅಲ್ಲ. 1788ರಲ್ಲೇ ವರ್ಜೀನಿಯಾದಲ್ಲಿ ಪ್ಯಾಟ್ರಿಕ್ ಹೆನ್ರಿ ಬಣ ಮ್ಯಾಡಿಸನ್ ಸೋಲಲಿ ಅಂತ ಕ್ಷೇತ್ರ ಜೋಡಿಸಿದ ಆರೋಪ ಇತ್ತು, ಮ್ಯಾಡಿಸನ್ ಆದರೂ ಗೆದ್ದರು. ಫೆಡರಲಿಸ್ಟರೂ ಸಾಚಾ ಅಲ್ಲ. 1812ರಲ್ಲೇ ನ್ಯೂಜೆರ್ಸಿಯಲ್ಲಿ ಬಹುಮತ ಸಿಕ್ಕ ಕೂಡಲೇ, ಅಧ್ಯಕ್ಷರ ಚುನಾವಣೆಯಲ್ಲಿ ಜನರು ಮತ ಹಾಕುವುದನ್ನೇ ತಪ್ಪಿಸಿ ಶಾಸನಸಭೆಯ ಕೈಗೆ ತೆಗೆದುಕೊಂಡರು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇಂದಿಗೂ ಗೆರೆ ಎಳೆಯುವುದು ಶಾಸಕರೇ. ಪಕ್ಷದ ಲಾಭಕ್ಕೆ ಗೆರೆ ಎಳೆದರೆ ಅದು ಕೇಂದ್ರದ ನ್ಯಾಯಾಲಯಗಳು ತೀರ್ಮಾನಿಸುವ ವಿಷಯ ಅಲ್ಲ ಅಂತ 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು.

ನಮ್ಮಲ್ಲಿ ವಿಧಾನಸಭಾ ಕ್ಷೇತ್ರದ ಗಡಿ ಶಾಸಕರ ಕೈಯಲ್ಲಿಲ್ಲ, ಪುನರ್ವಿಂಗಡಣಾ ಆಯೋಗದ್ದು. ಅದರ ಆದೇಶವೇ ಕೊನೆ. 2008ರ ಚುನಾವಣೆ ಹೊಸ ಗಡಿಯಲ್ಲಿ ನಡೆದಾಗ ಸಾತನೂರು, ಬನ್ನೂರು, ಭರಮಸಾಗರ, ಬೀರೂರು ಕ್ಷೇತ್ರಗಳ ಹೆಸರೇ ಇರಲಿಲ್ಲ. ಒಂದು ಗೆರೆಗೆ ಎಷ್ಟು ಬೆಲೆ ಅಂತ ಆ ಊರುಗಳ ಹಳೆಯ ಕಾರ್ಯಕರ್ತರನ್ನು ಕೇಳಬೇಕು.

ಗೆರ್ರಿಗೆ ಸೋಲಿನ ಜೊತೆ ಸಾಲವೂ ಇತ್ತು. ತಮ್ಮನ ಹಣಕಾಸಿನ ಎಡವಟ್ಟು ಇವರ ತಲೆಗೆ ಬಂದಿತ್ತು, ಸಂಬಳದ ಹುದ್ದೆ ಬೇಕಿತ್ತು. ಅಧ್ಯಕ್ಷರಾಗಿದ್ದ ಮ್ಯಾಡಿಸನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಗೆದ್ದರು, ಸ್ವಂತ ರಾಜ್ಯ ಮ್ಯಾಸಚೂಸೆಟ್ಸ್ ಮ್ಯಾಡಿಸನ್ ಎದುರಾಳಿಯ ಪರ ನಿಂತರೂ. 1813ರ ಮಾರ್ಚ್‌ನಲ್ಲಿ ಅಧಿಕಾರ ವಹಿಸಿಕೊಂಡರು. 1814ರ ಆಗಸ್ಟ್‌ನಲ್ಲಿ ಬ್ರಿಟಿಷರು ವಾಷಿಂಗ್ಟನ್ ನಗರಕ್ಕೆ ನುಗ್ಗಿ ಸಂಸತ್ ಭವನಕ್ಕೇ ಬೆಂಕಿ ಇಟ್ಟರು. ಮೂರು ತಿಂಗಳ ನಂತರ, ನವೆಂಬರ್ 23ರಂದು, ಸೆನೆಟ್ ಸಭೆ ನಡೆಸಲು ಹೊರಟಿದ್ದ ಗೆರ್ರಿ ದಾರಿಯಲ್ಲೇ ಕುಸಿದು ತೀರಿಕೊಂಡರು. ವಯಸ್ಸು 70. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ರಾಜಧಾನಿಯ ಮಣ್ಣಿನಲ್ಲಿ ಮಲಗಿರುವವರು ಇವರೊಬ್ಬರೇ.

ಅವಧಿ ಮುಗಿಯುವವರೆಗಿನ ಸಂಬಳವನ್ನು ಹೆಂಡತಿ ಆನ್ ಅವರಿಗೆ ಕೊಡೋಣ ಅಂತ ಸೆನೆಟ್ ಒಪ್ಪಿತು. ಕೆಳಮನೆ ಒಪ್ಪಲಿಲ್ಲ. ಆನ್ 1849ರವರೆಗೆ ಬದುಕಿದ್ದರು.