ಹಳಕಟ್ಟಿಯವರ ಟೈಲಿಂಗ್

ಹೋದ ಸೆಮಿಸ್ಟರ್‌ನಲ್ಲಿ ನಾನು ಲ್ಯಾಪ್‌ಟಾಪ್‌ಗೆ ಐ3 ಹಾಕ್ಕೊಂಡೆ. ಇದೊಂದು ಟೈಲಿಂಗ್ ವಿಂಡೋ ಮ್ಯಾನೇಜರ್. ಮಾಮೂಲಿ ಡೆಸ್ಕ್‌ಟಾಪ್‌ನಲ್ಲಿ ವಿಂಡೋಗಳು ಒಂದರ ಮೇಲೊಂದು ಬಿದ್ದಿರ್ತಾವೆ, ಕೆಳಗಿರೋದು ಕಾಣಲ್ಲ. ಇದರಲ್ಲಿ ಹೊಸ ವಿಂಡೋ ತೆಗೆದ್ರೆ ಹಳೇದು ಜರುಗಿ ಜಾಗ ಕೊಡುತ್ತೆ. ಫರಸಿ ಹಾಸಿದ ಹಾಗೆ ಎಲ್ಲಾ ಪಕ್ಕಪಕ್ಕ. ಆಗ ನನಗೆ ನೆನಪಾದವರು ನಮ್ಮ ಕಾಲೇಜಿನ ಹೆಸರಲ್ಲೇ ಇರುವ ಹಳಕಟ್ಟಿಯವರು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಮೊದಲ ವರ್ಷ ಕಾಲೇಜಿನ ಹೆಸರಿನ ವಿ.ಪಿ. ಅಂದ್ರೆ ವೈಸ್ ಪ್ರಿನ್ಸಿಪಾಲ್ ಅಂದ್ಕೊಂಡಿದ್ದೆ! ಅದು ವಚನ ಪಿತಾಮಹ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಮುಂಬೈನಲ್ಲಿ ಓದಿ, ಕಾನೂನು ಪದವಿ ಪಡೆದು, ಮುಂದೆ ವಿಜಯಪುರಕ್ಕೆ ಬಂದು ವಕೀಲರಾಗಿ ನೆಲೆಸಿದರು. 1910ರಲ್ಲಿ ಬಿಎಲ್‌ಡಿಇ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಶುರುವಾಗೋಕೆ ಅವರೇ ಮುಂದೆ ನಿಂತರು. ಇವತ್ತು ತಿಕೋಟಾ, ಬಬಲೇಶ್ವರದಿಂದ ದಿನಾ ಬಸ್ಸು ಹತ್ತಿ ಬರೋ ನಮ್ಮ ಕ್ಲಾಸ್‌ಮೇಟ್‌ಗಳು ಓದ್ತಿರೋದು ಅದೇ ಸಂಸ್ಥೆಯ ಕಾಲೇಜಿನಲ್ಲಿ.

ಆದ್ರೆ ಅವರ ಮನಸ್ಸೆಲ್ಲ ಇದ್ದದ್ದು ತಾಡೋಲೆಗಳಲ್ಲಿ. 12ನೇ ಶತಮಾನದ ಶರಣರ ವಚನಗಳು ಆಗ ಮಠಗಳಲ್ಲಿ, ಮನೆಗಳಲ್ಲಿ ತಾಡೋಲೆ ಕಟ್ಟುಗಳಾಗಿ ಉಳಿದಿದ್ದವು. ಕಟ್ಟು ಅಂದ್ರೆ ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಒಂದರ ಮೇಲೊಂದು ಇಟ್ಟು ಬಿಗಿದದ್ದು. ಮೇಲಿನ ಗರಿ ಬಿಟ್ರೆ ಉಳಿದದ್ದು ಕಣ್ಣಿಗೆ ಬೀಳಲ್ಲ. ಒಂದೂರಿನ ಕಟ್ಟಿನಲ್ಲಿ ಏನಿದೆ ಅಂತ ಇನ್ನೊಂದೂರಿಗೆ ಗೊತ್ತೂ ಆಗಲ್ಲ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು, ಓದಿದರು, ನಕಲು ಮಾಡಿದರು, ವಿಷಯದ ಪ್ರಕಾರ ಜೋಡಿಸಿದರು. ಅದೇ ವಚನಶಾಸ್ತ್ರಸಾರ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಗೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ವಾಪಸ್ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಮೊದಲ ಭಾಗ ಅಚ್ಚಾಯಿತು.

ಇನ್ನೊಬ್ಬರ ಪ್ರೆಸ್ ನಂಬಿಕೊಂಡ್ರೆ ಕೆಲಸ ಮುಗಿಯಲ್ಲ ಅಂತ ಅವರು ಮನೆ ಮಾರಿ, 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಆಗಿನ ಪ್ರೆಸ್ಸಲ್ಲಿ ಒಂದು ಪುಟ ಅಂದ್ರೆ ಸೀಸದ ಮೊಳೆಗಳ ಜೋಡಣೆ. ಒಂದೊಂದೇ ಮೊಳೆ ಕೈಯಿಂದ ಆರಿಸಿ ಸಾಲು ಮಾಡಬೇಕು. ಖಾಲಿ ಜಾಗಕ್ಕೂ ಅಕ್ಷರ ಇಲ್ಲದ ತುಂಡು ತುಂಬಬೇಕು. ಆಮೇಲೆ ಚೌಕಟ್ಟಿನಲ್ಲಿ ಬಿಗಿಯಬೇಕು. ಒಂದರ ಮೇಲೆ ಇನ್ನೊಂದು ಕೂರೋ ಮಾತೇ ಇಲ್ಲ. ನಡುವೆ ಒಂದು ಪದ ಸೇರಿಸಬೇಕಾದ್ರೆ ಉಳಿದದ್ದೆಲ್ಲ ಜರುಗಬೇಕು. ಐ3 ಮಾಡೋ ಲೆಕ್ಕಾನೂ ಇದೇ. ನಮಗೆ ಒಂದು ಕೀ ಒತ್ತಿದ್ರೆ ಆಗೋದು ಅಲ್ಲಿ ಪೂರ್ತಿ ಕೈಕೆಲಸ.

1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಶುರುವಾದವು. 1926ರಲ್ಲೇ ಬಳ್ಳಾರಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ವಕೀಲಿಯಲ್ಲಿ ಬಂದದ್ದು ಪ್ರೆಸ್ಸಿಗೆ ಹೋಯಿತು, ಮನೆಯಲ್ಲಿ ಬಡತನ ಉಳಿಯಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1964ರ ಜೂನ್ 29ರಂದು ಅವರು ತೀರಿಕೊಂಡರು.

ಐ3 ಕಾನ್ಫಿಗ್ ಫೈಲಿಗೆ ನಾನು ಎರಡು ರಾತ್ರಿ ನಿದ್ದೆ ಬಿಟ್ಟಿದ್ದೆ, ಅದನ್ನೇ ದೊಡ್ಡ ತ್ಯಾಗ ಅಂತ ರೂಮ್‌ಮೇಟ್ ಮುಂದೆ ಹೇಳ್ಕೊಂಡಿದ್ದೆ. ಈಗ ಹೇಳಲ್ಲ. ರಾತ್ರಿ ಅಸೈನ್‌ಮೆಂಟ್ ಮುಗಿದ ಮೇಲೆ ಸ್ಕ್ರೀನಿನ ಎಡಕ್ಕೆ ವಚನ, ಬಲಕ್ಕೆ ನಿಘಂಟು ತೆಗೀತೀನಿ. ಇನ್ನೂ ನಿಧಾನವೇ, ದಿನಕ್ಕೆ ಒಂದು ವಚನ. ನಿಮ್ಮಲ್ಲಿ ಯಾರಾದ್ರೂ ಜೊತೆಗೆ ಓದೋರಿದ್ರೆ ಬನ್ನಿ, ಇನ್ನೊಂದು ವಿಂಡೋಗೆ ಜಾಗ ಆಗುತ್ತೆ.