ರಾಮಾನುಜನ್ನರಿಗೆ ದೊರೆತ ದೂರದ ಬಿಡುವು

ಕವಿ ಎ. ಕೆ. ರಾಮಾನುಜನ್ನರಿಗೆ ಅಮೆರಿಕದಿಂದ ಎರಡು ವೇತನಗಳು ದೊರೆತುವು. ಒಂದು ಅರ್ಜಿ ಹಾಕಿ ಪಡೆದದ್ದು, ಇನ್ನೊಂದು ಅರ್ಜಿಯಿಲ್ಲದೆ ಬಂದದ್ದು. ಅವರ ಬಾಳಿನ ದಿಕ್ಕು ಬದಲಿಸಿದ್ದು ಮೊದಲನೆಯದೇ ಎಂದು ನನ್ನ ಎಣಿಕೆ.

1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ತಂದೆ ಗಣಿತದ ಪ್ರಾಧ್ಯಾಪಕರು. ಅಡುಗೆಮನೆಯ ಮಾತು ತಮಿಳು, ಬೀದಿಯದು ಕನ್ನಡ, ಮಹಡಿಯ ಮೇಲೆ ತಂದೆಯ ಕೋಣೆಯಲ್ಲಿ ಇಂಗ್ಲಿಷು. ಮಹಾರಾಜ ಕಾಲೇಜಿನಲ್ಲಿ ಓದಿ ಕೊಲ್ಲಂ, ಬೆಳಗಾವಿ, ಬರೋಡಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಸಂಬಳದ ಪಾಠ ಇಂಗ್ಲಿಷಿನದಾದರೂ ಮನಸ್ಸು ಹರಿಯುತ್ತಿದ್ದುದು ಹೆಂಗಸರು ಹೇಳುವ ಕತೆಗಳ ಕಡೆಗೆ, ಗಾದೆಗಳ ಕಡೆಗೆ.

ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಹೊರದೇಶಗಳಲ್ಲಿ ಬಿಟ್ಟುಹೋದ ಸಾಮಗ್ರಿ ಹೇರಳವಾಗಿತ್ತು. ಅದನ್ನು ಮಾರಿ ಬಂದ ಹಣವನ್ನು ವಿದ್ಯಾರ್ಥಿಗಳ ವಿನಿಮಯಕ್ಕೆ ಬಳಸಬೇಕೆಂದು ಸೆನೆಟರ್ ಫುಲ್‌ಬ್ರೈಟ್ 1946ರಲ್ಲಿ ಕಾನೂನು ತಂದರು. 1950ರಲ್ಲಿ ಭಾರತವೂ ಒಪ್ಪಂದಕ್ಕೆ ಸೇರಿತು. ಯುದ್ಧದ ಲಾರಿ, ಗುಡಾರಗಳು ವಿದ್ಯೆಗೆ ಒದಗಿದ ಈ ಕತೆ ಅಮೆರಿಕದ ಚರಿತ್ರೆಯಲ್ಲಿ ನನಗೆ ಬಹು ಮೆಚ್ಚಿಕೆಯಾದುದು. ಆ ವೇತನದ ಮೇಲೆ 1959ರಲ್ಲಿ, ಮೂವತ್ತರ ಪ್ರಾಯದಲ್ಲಿ, ರಾಮಾನುಜನ್ನರು ಕೈಯಲ್ಲಿದ್ದ ಕೆಲಸ ಬಿಟ್ಟು ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಹೊರಟರು. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕಲಿತ ಭಾಷಾವಿಜ್ಞಾನವೇ ಅವರ ಬುತ್ತಿ. ಅಲ್ಲಿ ಅವರು ಬರೆದ ಪ್ರಬಂಧ ಯಾವುದರ ಮೇಲೆ? ಕನ್ನಡದ ವ್ಯಾಕರಣದ ಮೇಲೆ. 1963ರಲ್ಲಿ ಅದಕ್ಕೆ ಡಾಕ್ಟರೇಟು ಬಂದಿತು.

ನಮ್ಮದನ್ನು ಓದುವುದಕ್ಕೆ ಅಷ್ಟು ದೂರ ಹೋಗಬೇಕೇ ಎಂದು ದೇಶನೂರಿನಿಂದ ಸಿರುಗುಪ್ಪ, ಬಳ್ಳಾರಿಗಳಿಗೆ ಓದಲು ಹೋಗುವ ಹುಡುಗನೊಬ್ಬ ಕೇಳಿದರೆ ತಪ್ಪಲ್ಲ. ನನಗೆ ತೋರುವ ಉತ್ತರ 1962ರ ಒಂದು ಶನಿವಾರದಲ್ಲಿದೆ. ಆಗ ತಾನೇ ಷಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದ್ದ ರಾಮಾನುಜನ್ನರು ಹಳೆಯ ತಮಿಳಿನ ವ್ಯಾಕರಣವೊಂದನ್ನು ಅರಸಿ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗಿಳಿದರು. ಕೈಗೆ ಸಿಕ್ಕಿದ್ದು ಸ್ವಾಮಿನಾಥ ಅಯ್ಯರ್ ಸಂಪಾದಿಸಿದ ‘ಕುರುಂತೊಗೈ’, 1937ರ ಮುದ್ರಣ. ತಾಯ್ನುಡಿಯ ಈ ಹಳೆಯ ಕಾವ್ಯ ಮೈಸೂರಿನ ಮನೆಯಲ್ಲಿ ಅವರಿಗೆ ಒಲಿದಿರಲಿಲ್ಲ. ಪರವೂರಿನ ಬಿಡುವು ಅದನ್ನು ತೆರೆಯಿತು. 1967ರಲ್ಲಿ ಅದರ ಪದ್ಯಗಳು, 1973ರಲ್ಲಿ ಬಸವಣ್ಣ, ದಾಸಿಮಯ್ಯ, ಅಕ್ಕ, ಅಲ್ಲಮರ ವಚನಗಳು ಅವರ ಇಂಗ್ಲಿಷಿನಲ್ಲಿ ಹೊರಬಂದುವು. ನಡುವೆ, 1969ರಲ್ಲಿ, ಧಾರವಾಡದಲ್ಲಿ ಅಚ್ಚಾದ ‘ಹೊಕ್ಕುಳಲ್ಲಿ ಹೂವಿಲ್ಲ’ ಅವರ ಮೊದಲ ಕನ್ನಡ ಕವನಸಂಗ್ರಹ.

ಆದರೂ ಒಂದು ಮಾತು. ಬಿಡುವಿಗೆಂದು ಹೋದವರು ಅಲ್ಲಿಯೇ ನೆಲೆನಿಂತರು; ಮೂರು ದಶಕಗಳ ಅವರ ಪಾಠ ಷಿಕಾಗೋ ವಿದ್ಯಾರ್ಥಿಗಳ ಪಾಲಾಯಿತು. ನಮ್ಮ ಕಾಲೇಜುಗಳಿಗೆ ಆದ ಈ ನಷ್ಟವನ್ನು ಅವರ ಪುಸ್ತಕಗಳ ಎದುರಿಗಿಟ್ಟು ತೂಗುವುದು ನನ್ನಿಂದಾಗದು.

1983ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂದಿತು. ಅದಕ್ಕೆ ಅರ್ಜಿ ಹಾಕುವಂತಿಲ್ಲ. ಹೆಸರು ಸೂಚಿಸುವವರು ಯಾರೆಂಬುದೂ ಗುಟ್ಟು. ಹತ್ತು ವರ್ಷಗಳ ತರುವಾಯ, 1993ರ ಜುಲೈ 13ರಂದು, ರಾಮಾನುಜನ್ನರು ಷಿಕಾಗೋದಲ್ಲಿ ತೀರಿಕೊಂಡರು. ಕೂಡಿಸಿಟ್ಟಿದ್ದ ಕನ್ನಡ ಜನಪದ ಕತೆಗಳ ಇಂಗ್ಲಿಷ್ ಸಂಪುಟ ಅಚ್ಚಾದದ್ದು 1997ರಲ್ಲಿ.